ಸ್ಟೀಮರ್‌ನಲ್ಲಿ ‘ಮಕ್ಕಳನ್ನು ಹಿಡಿಯುವ’ ಕೆಲಸ ಅಂತ ಒಂದಿತ್ತಾ?

ಸದಾಶಿವಗಡದ ಮೊಮ್ಮಗಳು:
ನಮ್ಮ ಅಜ್ಜ ಮದುವೆಗೆ ಮುಂಚೆ ಬೊಂಬಾಯಿ–ಪಣಜಿ ಸ್ಟೀಮರ್‌ನಲ್ಲಿ ಕೆಲಸಕ್ಕಿದ್ದರು. ಏನು ಕೆಲಸ ಅಂತ ಕೇಳಿದರೆ "ಮಕ್ಕಳನ್ನು ಹಿಡಿಯೋದು" ಅನ್ನುತ್ತಿದ್ದರು. ನಾವು ತಮಾಷೆ ಅಂದುಕೊಂಡಿದ್ದೆವು. ಈಗ ಕೇಳೋಣವೆಂದರೆ ಅಜ್ಜ ಇಲ್ಲ. ಆ ಹಡಗಿನ ಬಗ್ಗೆ ಗೊತ್ತಿರುವವರು ಯಾರಾದರೂ ಇದ್ದೀರಾ?

ಅಂಕೋಲೆಯವ:
ತಮಾಷೆ ಅಲ್ಲ ತಂಗಿ. ನಾನೂ ಅದನ್ನೇ ಮಾಡಿದವ. 1976ರಿಂದ ಮೂರು ಸೀಸನ್. ಸೇರಿದ್ದು ಖಲಾಸಿಯಾಗಿ. ಹಗ್ಗ ಎಳೆಯೋದು, ಡೆಕ್ ತೊಳೆಯೋದು. ಆದರೆ ಕೊಂಕಣ ತೀರದ ಮಾಲವಣ, ವೆಂಗುರ್ಲಾ ಬಂತೆಂದರೆ ಸಾರಂಗ (ಖಲಾಸಿಗಳ ಮುಖ್ಯಸ್ಥ) ನನ್ನನ್ನು ಪಕ್ಕದ ಬಾಗಿಲಿಗೆ ಅಟ್ಟುತ್ತಿದ್ದ. ನನ್ನ ಕೈ ಉದ್ದ ಅಂತ.

ಬೆಳಗ್ಗೆ ಬೊಂಬಾಯಿಯ ಭಾವುಚಾ ಧಕ್ಕಾ ಬಂದರು ಬಿಟ್ಟರೆ ಮರುದಿನ ಬೆಳಗ್ಗೆ ಪಣಜಿ. ನಡುವಿನ ಇಂಥ ಊರುಗಳಲ್ಲಿ ದಡದ ಹತ್ತಿರ ನೀರು ಸಾಲದು. ಹಡಗು ದೂರದಲ್ಲೇ ನಿಲ್ಲುತ್ತಿತ್ತು. ಕತ್ತಲಲ್ಲಿ ಗ್ಯಾಸ್‌ಲೈಟ್ ಇಟ್ಟುಕೊಂಡು ದಡದಿಂದ ಪಡಾವು, ಅಂದರೆ ದೋಣಿ, ಬರುತ್ತಿತ್ತು. ಇಳಿಯುವವರ ಮಕ್ಕಳನ್ನು ಅದಕ್ಕೆ ಕೊಡಬೇಕು, ಹತ್ತುವವರ ಮಕ್ಕಳನ್ನು ಹಿಡಿದುಕೊಳ್ಳಬೇಕು. ಪಡಾವು ಅಲೆಗೆ ಆಳೆತ್ತರ ಏರುತ್ತದೆ, ಇಳಿಯುತ್ತದೆ. ಮೇಲೆ ಬಂದು ಒಂದು ಗಳಿಗೆ ನಿಂತ ಹಾಗಾಗುತ್ತದೆ ನೋಡು, ಅಷ್ಟರಲ್ಲಿ ಮಗು ದಾಟಿರಬೇಕು. ಇಳಿಯಲು ಶುರುವಾದ ಮೇಲೆ ಕೈ ಚಾಚಿದರೆ ಕೆಟ್ಟಿತು. ತೋಳು ಹಿಡಿದು ಎಳೆಯಬಾರದು, ಕಂಕುಳಲ್ಲೇ ಹಿಡಿಯಬೇಕು. ಎಣ್ಣೆ ಹಚ್ಚಿದ ಕೂಸುಗಳಂತೂ ಮೀನಿನ ಹಾಗೆ ಜಾರುತ್ತವೆ. ಅದಕ್ಕೇ ಹೆಗಲ ಮೇಲೊಂದು ಗೋಣಿತುಂಡು. ಪ್ರತಿ ಮಗುವಿಗೂ ಮೊದಲು ಕೈ ಒರೆಸಿಕೊಳ್ಳುತ್ತಿದ್ದೆ.

ಮೇ ತಿಂಗಳಲ್ಲಿ ಜಾಸ್ತಿ. ಬೊಂಬಾಯಿಯ ಚಾಕರಮಾನಿಗಳು, ಅಂದರೆ ಅಲ್ಲಿ ನೌಕರಿಗಿದ್ದ ಕೊಂಕಣದವರು, ಸಂಸಾರ ಸಮೇತ ರಜೆಗೆ ಹೊರಡುವ ಕಾಲ. ಒಂದು ರಾತ್ರಿ ನಲವತ್ತೊಂದು ಮಕ್ಕಳನ್ನು ಎಣಿಸಿದ್ದೆ. ಮಳೆಗಾಲಕ್ಕೆ ಹಡಗು ಬಂದ್, ನಾನು ಊರಿಗೆ ಬಂದು ಗದ್ದೆ ನಾಟಿ.

ಮಡಗಾಂವ್ ಕನ್ನಡಿಗ:
ನಾನು ಚಿಕ್ಕವನಿದ್ದಾಗ ಅದರಲ್ಲಿ ಬಂದಿದ್ದೇನೆ. ಪಣಜಿಯಲ್ಲಿ ಹಲಗೆ ಮೇಲೆ ನಡೆದೇ ಇಳಿದ ನೆನಪು. ಇಷ್ಟೆಲ್ಲ ಸರ್ಕಸ್ ನೋಡಲಿಲ್ಲಪ್ಪ.

ಸದಾಶಿವಗಡದ ಮೊಮ್ಮಗಳು:
ಅಜ್ಜನೂ ನಮ್ಮನ್ನು ಎತ್ತಿಕೊಳ್ಳುವ ಮೊದಲು ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಿದ್ದರು! ಯಾರೂ ನೀರಿಗೆ ಬೀಳಲಿಲ್ವಾ?

ಅಂಕೋಲೆಯವ:
ಪಣಜಿಯಲ್ಲಿ ಮಾಂಡವಿ ದಂಡೆಗೆ ಜೆಟ್ಟಿ ಇತ್ತಲ್ಲ ಮಾರಾಯ್ರೆ. ಮಾಲವಣ ಬಂದಾಗ ನೀವು ಡೆಕ್ ಮೇಲೆ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದಿರಬೇಕು.

ತಂಗಿ, ನನ್ನ ಕೈಯಿಂದ ಮಗು ಒಂದೂ ಬೀಳಲಿಲ್ಲ. ವೆಂಗುರ್ಲಾದಲ್ಲಿ ಒಬ್ಬಾಕೆ ಮಾತ್ರ ಮಗು ಕೊಡಲು ಒಪ್ಪಲೇ ಇಲ್ಲ. ಮೊದಲು ಈ ಕೋಳಿ ಹಿಡಿ, ನೋಡೋಣ ಅಂದಳು. ಕಾಲು ಕಟ್ಟಿದ ಕೋಳಿ. ಹಿಡಿಯುವಷ್ಟರಲ್ಲಿ ರೆಕ್ಕೆ ಬಡಿದು ನೀರಿಗೆ ಬಿತ್ತು. ಪಡಾವಿನವರು ಎತ್ತಿ ಕೊಟ್ಟರು ಅನ್ನು. ಆಕೆ ಮಗುವನ್ನು ಸೆರಗಲ್ಲಿ ಬಿಗಿದುಕೊಂಡು ತಾನೇ ಹಾರಿ ಬಂದಳು. ಪಣಜಿವರೆಗೂ ನನ್ನ ಮುಖ ನೋಡಲಿಲ್ಲ.