ಮಲೆನಾಡಿನಲ್ಲಿ ಇವಿ ಕಾರು: ವಾರಂಟಿ ಪುಸ್ತಕದಲ್ಲಿ ಬರೆಯದ ಮಾತುಗಳು (ಪ್ರಶ್ನೋತ್ತರ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಸರ್ವೀಸ್ ಸೆಂಟರ್‌ಗಳಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಅದರಲ್ಲಿ ಕೊನೆಯ ನಾಲ್ಕು ವರ್ಷ ಎಲೆಕ್ಟ್ರಿಕ್ ಕಾರುಗಳ ವಾರಂಟಿ ಅರ್ಜಿ ತಯಾರಿಸಿ ಕಂಪನಿಗೆ ಕಳಿಸುವುದೇ ನನ್ನ ಕೆಲಸವಾಗಿತ್ತು. ಈಗ ಅಲ್ಲಿಲ್ಲ, ಹಾಗಾಗಿ ಬಿಚ್ಚುಮನಸ್ಸಿನಿಂದ ಹೇಳಬಹುದು. ಈ ವಾರ ಬಂದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆಯುತ್ತೇನೆ.

ಪ್ರಶ್ನೆ (ತೀರ್ಥಹಳ್ಳಿ): ಸರ್, ನಮ್ಮ ಕಾರಿಗೆ ಮೂರು ವರ್ಷ, 48,000 ಕಿ.ಮೀ. ಆಗಿದೆ. 30 ಯೂನಿಟ್ ಬ್ಯಾಟರಿ. ತಂದ ಹೊಸತರಲ್ಲಿ ಫುಲ್ ಚಾರ್ಜಿಗೆ 230 ಓಡ್ತಿತ್ತು, ಈಗ 175 ದಾಟಲ್ಲ. ಎರಡು ಸಲ ಶಿವಮೊಗ್ಗಕ್ಕೆ ಹೋಗಿ ಹೇಳಿದೆ. "ಎಲ್ಲಾ ನಾರ್ಮಲ್ ಇದೆ" ಅಂತ ಬಾಯಲ್ಲೇ ಹೇಳಿ ಕಳಿಸಿದ್ರು. ಬ್ಯಾಟರಿಗೆ 8 ವರ್ಷ ವಾರಂಟಿ ಇದೆಯಲ್ಲ, ಇದು ಅದರಲ್ಲಿ ಬರಲ್ವಾ?

ಉತ್ತರ: ಮೊದಲು ಒಂದು ಮಾತು. ಓಡುವ ದೂರ ಕಡಿಮೆಯಾಗಿದೆ ಅಂತ ವಾರಂಟಿ ಕೇಳಿದರೆ ಯಾವ ಕಂಪನಿಯೂ ಒಪ್ಪುವುದಿಲ್ಲ. ವಾರಂಟಿ ಇರುವುದು ಬ್ಯಾಟರಿಯ ಸಾಮರ್ಥ್ಯಕ್ಕೆ. ನಮ್ಮಲ್ಲಿ ಹೆಚ್ಚಿನ ಕಾರುಗಳಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಆ ಅವಧಿಯೊಳಗೆ ಸಾಮರ್ಥ್ಯ ಒಂದು ಮಿತಿಗಿಂತ ಕೆಳಗಿಳಿದರೆ, ಇಲ್ಲವೇ ಒಳಗೆ ತಯಾರಿಕೆಯ ದೋಷ ಕಂಡರೆ ಮಾತ್ರ ರಿಪೇರಿ ಅಥವಾ ಬದಲಿ. ಆ ಮಿತಿ ಸಾಮಾನ್ಯವಾಗಿ ಶೇ. 70, ಕೆಲವರು ಶೇ. 80 ಇಟ್ಟಿದ್ದಾರೆ. ನಿಮ್ಮ ವಾರಂಟಿ ಪುಸ್ತಕ ತೆಗೆದು ಆ ಸಾಲಿಗೆ ಪೆನ್ಸಿಲ್ ಗುರುತು ಹಾಕಿಡಿ. ಅಲ್ಲಿ ಅಂಕಿಯೇ ಬರೆದಿಲ್ಲದಿದ್ದರೆ ಕಂಪನಿಗೆ ಇಮೇಲ್ ಮಾಡಿ ಕೇಳಿ.

ಸರ್ವೀಸ್ ಸೆಂಟರ್‌ಗೆ ಮತ್ತೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಆಗಿದ್ದರೆ ಶೇಕಡಾ ಮೀಟರ್ ದಾರಿ ತಪ್ಪುವುದು ಸಹಜ. ಆ ಬಗೆಯ ಬ್ಯಾಟರಿಯಲ್ಲಿ ವೋಲ್ಟೇಜ್ ಬಹಳ ಹೊತ್ತು ಒಂದೇ ಸಮ ಇರುತ್ತದೆ, ಎಷ್ಟು ಉಳಿದಿದೆ ಅಂತ ಕಾರಿಗೇ ಸರಿಯಾಗಿ ಗೊತ್ತಾಗುವುದಿಲ್ಲ. ದಿನಾ 80ಕ್ಕೆ ನಿಲ್ಲಿಸುವ ಅಭ್ಯಾಸ ಇದ್ದರೆ ವಾರಕ್ಕೊಮ್ಮೆ 100 ಮಾಡಿ, 100 ತೋರಿಸಿದ ಕೂಡಲೇ ಪ್ಲಗ್ ಕೀಳದೆ ಅದಾಗಿಯೇ ನಿಲ್ಲುವ ತನಕ ಬಿಡಿ. ಹೀಗೆ ಮೂರು ನಾಲ್ಕು ಸಲ ಮಾಡಿದ ಮೇಲೆ ಕಳೆದುಹೋದ ಕಿಲೋಮೀಟರ್ ವಾಪಸ್ ಬಂದದ್ದನ್ನು ನಾನೇ ಎಷ್ಟೋ ಕಾರಿನಲ್ಲಿ ನೋಡಿದ್ದೇನೆ.

ಆಮೇಲೂ ಹಾಗೇ ಇದ್ದರೆ ಚಾರ್ಜರಿನ ಲೈನಿಗೆ ಒಂದು ಸಣ್ಣ ಯೂನಿಟ್ ಮೀಟರ್ ಹಾಕಿಸಿ. 20ರಿಂದ 100ರವರೆಗೆ ಚಾರ್ಜ್ ಮಾಡಿ. 30 ಯೂನಿಟ್ ಬ್ಯಾಟರಿಯ ಒಳಗೆ 24 ಯೂನಿಟ್ ಹೋಗಬೇಕು, ದಾರಿಯಲ್ಲಿ ಬಿಸಿಯಾಗಿ ನಷ್ಟವಾಗುವುದು ಸೇರಿ ಮೀಟರಿನಲ್ಲಿ 26–27 ತೋರಿಸಬೇಕು. 21–22ಕ್ಕೇ ಫುಲ್ ಆಯಿತೋ, ಆಗ ನಿಮ್ಮ ಅನುಮಾನಕ್ಕೆ ಬಲ ಬಂತು. ಮೀಟರಿನ ಫೋಟೋ, ಕಾರಿನ ಡಿಸ್‌ಪ್ಲೇ ಫೋಟೋ ಎರಡನ್ನೂ ತಾರೀಕು ಸಮೇತ ಇಟ್ಟುಕೊಳ್ಳಿ.

ಇನ್ನು ಮುಖ್ಯ ವಿಷಯ. ಬಾಯಲ್ಲಿ ಹೇಳಿದ್ದು ದೂರು ಅಲ್ಲ. ಎರಡು ಸಲ ಹೋಗಿದ್ದೀರಿ, ಆದರೆ ಜಾಬ್ ಕಾರ್ಡಿನಲ್ಲಿ (ಕಾರು ಬಿಡುವಾಗ ದೂರು ಬರೆದುಕೊಳ್ಳುವ ಹಾಳೆ) ಬರೆಯದಿದ್ದರೆ ಕಂಪನಿಯ ಲೆಕ್ಕದಲ್ಲಿ ನೀವು ಹೋಗಿಯೇ ಇಲ್ಲ. ನಾನು ಅರ್ಜಿ ಕಳಿಸುವಾಗ ಮೇಲಿನವರು ಮೊದಲು ಕೇಳುತ್ತಿದ್ದದ್ದೇ "ಮೊದಲ ದೂರು ಯಾವ ತಾರೀಕು, ಎಷ್ಟು ಕಿ.ಮೀ.ಗೆ" ಅಂತ. ವಾರಂಟಿ ಮುಗಿಯುವ ಹಿಂದಿನ ವಾರ ಬರೆಸಿದ ದೂರಿಗೂ ಬೆಲೆ ಇದೆ, ಮುಗಿದ ಮರುದಿನ ಬರೆಸಿದ್ದಕ್ಕೆ ಇಲ್ಲ. "ಜನರಲ್ ಚೆಕಪ್" ಅಂತ ಬರೆಯಲು ಬಿಡಬೇಡಿ. "ಇಂಥ ತಾರೀಕು 20ರಿಂದ 100ಕ್ಕೆ ಇಷ್ಟೇ ಯೂನಿಟ್ ತೆಗೆದುಕೊಂಡಿದೆ, ಬ್ಯಾಟರಿ ಆರೋಗ್ಯದ ವರದಿ ಬೇಕು" ಅಂತ ನಿಮ್ಮ ಮಾತಿನಲ್ಲೇ ಬರೆಸಿ, ಸಹಿ ಹಾಕಿ, ಒಂದು ಪ್ರತಿ ಈಸ್ಕೊಳ್ಳಿ. ಎಸ್‌ಒಎಚ್ ಅನ್ನುವ ಅಂಕಿ, ಅಂದರೆ ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟು ಅನ್ನುವುದು, ಅವರ ಲ್ಯಾಪ್‌ಟಾಪಿನಲ್ಲಿ ಬರುತ್ತದೆ. ಪ್ರಿಂಟ್ ಕೊಡಲು ಹಿಂದೆಮುಂದೆ ನೋಡಿದರೆ ಜಾಬ್ ಕಾರ್ಡಿನ ಮೇಲೆ ಕೈಯಲ್ಲೇ ಬರೆದುಕೊಡಿ ಅನ್ನಿ.

ಸರ್ವೀಸ್ ಸೆಂಟರಿನಲ್ಲಿ ದೂರು ಕೇಳಿಸಿಕೊಳ್ಳುವ ಅಡ್ವೈಸರ್ ಹುಡುಗರ ಮೇಲೆ ಸಿಟ್ಟು ಬೇಡ. ವಾರಂಟಿ ಕೆಲಸಕ್ಕೆ ಕಂಪನಿ ಡೀಲರಿಗೆ ಕೊಡುವುದು ಮೊದಲೇ ನಿಗದಿಯಾದ ಗಂಟೆಯ ಕೂಲಿ. ದೋಷ ಹುಡುಕಲು ಇಡೀ ದಿನ ಹೋದರೂ ಆ ದುಡ್ಡು ಪೂರ್ತಿ ಬರುವುದಿಲ್ಲ. ಅದಕ್ಕೇ "ನಾರ್ಮಲ್ ಇದೆ" ಅನ್ನುವ ಮಾತು ಬೇಗ ಬರುವುದು. ಹುಡುಕುವ ಕೆಲಸದಲ್ಲಿ ಅರ್ಧ ನೀವೇ ಮಾಡಿಕೊಂಡು ಹೋದರೆ ಅವರಿಗೂ ಅರ್ಜಿ ಹಾಕಲು ಧೈರ್ಯ ಬರುತ್ತದೆ.

ಪ್ರಶ್ನೆ (ಹೊಸನಗರ): ಅಣ್ಣ, ತೋಟದ ಮನೆ. ಕಾರಿನ ಜೊತೆ ಕೊಟ್ಟ ಚಾರ್ಜರಿನಲ್ಲಿ ಬೇಸಿಗೆ ಬಂತು ಅಂದ್ರೆ ಕೆಂಪು ಲೈಟು. ಮಳೆಗಾಲದಲ್ಲಿ ಸರಿ ಇರ್ತದೆ. ಸರ್ವೀಸಿನವರು ಮನೆ ವೈರಿಂಗ್ ಸರಿಯಿಲ್ಲ ಅಂತಾರೆ, ವೈರಿಂಗ್ ಮಾಡಿದವರು ಚಾರ್ಜರ್ ಸರಿಯಿಲ್ಲ ಅಂತಾರೆ. ನಾನು ಯಾರ ಮಾತು ಕೇಳೋದು?

ಉತ್ತರ: ಮಳೆಗಾಲದಲ್ಲಿ ಸರಿ, ಬೇಸಿಗೆಯಲ್ಲಿ ತೊಂದರೆ ಅಂದಿರಲ್ಲ, ಉತ್ತರ ಅಲ್ಲೇ ಇದೆ. ನಿಮ್ಮ ಅರ್ತಿಂಗ್ ಗುಂಡಿ ಒಣಗುತ್ತಿದೆ. ಜಂಬಿಟ್ಟಿಗೆ ನೆಲ ಫೆಬ್ರವರಿ ಕಳೆದ ಮೇಲೆ ಕಲ್ಲಾಗುತ್ತದೆ, ಕರೆಂಟು ನೆಲಕ್ಕೆ ಇಳಿಯುವುದಿಲ್ಲ. ಅರ್ತ್ ಸಿಗದಿದ್ದರೆ ಚಾರ್ಜರ್ ತಾನಾಗಿಯೇ ನಿಲ್ಲುತ್ತದೆ, ಅದು ಅದರ ಕೆಲಸ. ಕಾರಿಗೆಂದೇ ಬೇರೆ ಗುಂಡಿ ತೆಗೆಸಿ ಇದ್ದಿಲು, ಉಪ್ಪು ಹಾಕಿಸಿ. ಬಚ್ಚಲ ನೀರು ಹೋಗುವ ಕಡೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಆಮೇಲೆ ಚಾರ್ಜ್ ಆಗುತ್ತಿರುವಾಗಲೇ ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಎಷ್ಟು ವೋಲ್ಟ್ ಇದೆ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ. ಎರಡು ಮೂರು ವೋಲ್ಟಿನ ಒಳಗಿದ್ದರೆ ನೆಮ್ಮದಿ.

ಕೈಮುಗಿದು ಕೇಳುತ್ತೇನೆ, ಸಾಕೆಟ್ಟಿನ ಒಳಗೆ ನ್ಯೂಟ್ರಲ್ ಮತ್ತು ಅರ್ತ್ ಸೇರಿಸಿ ತುಂಡು ವೈರ್ ಹಾಕುವ ಉಪಾಯ ಯಾರೂ ಮಾಡಬೇಡಿ. ಕೆಂಪು ಲೈಟ್ ಹೋಗುತ್ತದೆ, ನಿಜ. ಆದರೆ ಕಂಬದಿಂದ ಬರುವ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕಾರಿನ ಇಡೀ ಮೈಗೆ ಕರೆಂಟು ಬರುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿರುವ ಮನೆ ನಮ್ಮದು. ಚಾರ್ಜರ್ ಸುಟ್ಟು ವಾರಂಟಿಗೆ ಬಂದಾಗ ಅಂಥ ವೈರ್ ಕಂಡರೆ ಅರ್ಜಿಯೂ ಅಲ್ಲಿಗೇ ಮುಗಿಯಿತು.

ಇನ್ನೊಂದು. 3.3 ಕಿಲೋವ್ಯಾಟ್ ಚಾರ್ಜರ್ ಅಂದರೆ ಎಂಟು ಗಂಟೆ ಬಿಡದೆ ಸುಮಾರು 15 ಆಂಪಿಯರ್. ಗ್ರೈಂಡರಿನ ಸಾಕೆಟ್ಟಿಗೆ ಎಳೆದ ಸಣ್ಣ ವೈರ್ ಇದನ್ನು ತಡೆಯುವುದಿಲ್ಲ. ಬೋರ್ಡಿನಿಂದಲೇ ಪ್ರತ್ಯೇಕ 4 ಚದರ ಎಂಎಂ ತಾಮ್ರದ ವೈರ್, 30 ಮಿಲಿ ಆಂಪಿಯರಿನ ಆರ್‌ಸಿಬಿಒ (ಕರೆಂಟು ಸೋರಿದರೆ ಅಥವಾ ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಹಾಕಿಸಿ. ಬಿಲ್ ಎಸೆಯಬೇಡಿ, ಮುಂದೆ "ಮನೆ ವೈರಿಂಗ್ ಸರಿಯಿಲ್ಲ" ಅಂದವರಿಗೆ ತೋರಿಸಲು ಬೇಕು.

ಅದೇ ಸದಸ್ಯರು: ಸರಿ ಅಣ್ಣ. ಪಂಪ್‌ಸೆಟ್ ಹೊತ್ತಿಗೆ ವೋಲ್ಟೇಜ್ 170ಕ್ಕೆ ಇಳೀತದೆ, ಅದಕ್ಕೆ ಎಂತ ಮಾಡೋದು? ಗುಡುಗು ಸಿಡಿಲೂ ಜಾಸ್ತಿ ಇಲ್ಲಿ.

ಉತ್ತರ: ಪಂಪ್ ಓಡುವ ಹೊತ್ತು ಬಿಟ್ಟು ಚಾರ್ಜ್ ಹಾಕಿ, ಚಾರ್ಜರಿನಲ್ಲಿ ಕರೆಂಟ್ ಕಡಿಮೆ ಮಾಡುವ ಸೌಲಭ್ಯ ಇದ್ದರೆ 10 ಆಂಪಿಯರಿಗೆ ಇಡಿ. ಮೆಸ್ಕಾಂಗೆ 1912ರಲ್ಲಿ ದೂರು ಕೊಟ್ಟು ನಂಬರ್ ಬರೆದಿಡಿ. ಸಿಡಿಲಿನ ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬೇಡ. ಹೊರಗಿನ ವಿದ್ಯುತ್ ಆಘಾತಕ್ಕೆ ವಾರಂಟಿ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಮೋಡ ಕಟ್ಟಿತು ಅಂದರೆ ಎರಡೂ ಕಡೆ ಪ್ಲಗ್ ಕಿತ್ತುಬಿಡಿ.

ಪ್ರಶ್ನೆ (ಸಾಗರ): ನಮ್ಮ ಕಾರಿನ ವೈರನ್ನು ಇಲಿ ಕಡಿದಿದೆ. ವಾರಂಟಿ ಇಲ್ಲ ಅಂದುಬಿಟ್ಟರು. ಕೊಟ್ಟ ಎಸ್ಟಿಮೇಟ್ ನೋಡಿ ಎದೆ ಒಡೆದುಹೋಯ್ತು. ಇಲ್ಲೇ ಊರಿನಲ್ಲಿ ಟೇಪ್ ಸುತ್ತಿಸಿದರೆ ನಡೆಯುತ್ತಾ?

ಉತ್ತರ: ಮೇಡಂ, ಕಡಿದದ್ದು ಕಿತ್ತಳೆ ಬಣ್ಣದ ಕೇಬಲ್ ಆಗಿದ್ದರೆ ಖಂಡಿತ ಬೇಡ, ಕೈಯನ್ನೂ ಹಾಕಿಸಬೇಡಿ. ಅದರಲ್ಲಿ ಹರಿಯುವುದು 300 ವೋಲ್ಟ್ ದಾಟಿದ ಕರೆಂಟು. ಇಲಿ ಕಡಿತ ವಾರಂಟಿಯಲ್ಲಿ ಬರುವುದಿಲ್ಲ ಅನ್ನುವುದೂ ನಿಜ, ಆದರೆ ಇನ್ಶೂರೆನ್ಸ್ ಬಾಗಿಲು ಇದೆ. ಪಾಲಿಸಿಯಲ್ಲಿ ಇಲಿ ಕಡಿತದ ಬಗ್ಗೆ ಏನಿದೆ ಓದಿ. ವೈರ್ ಬಿಚ್ಚುವ ಮೊದಲು, ಗೂಡು ತೆಗೆದು ಸ್ವಚ್ಛ ಮಾಡುವ ಮೊದಲು ಇನ್ಶೂರೆನ್ಸ್‌ಗೆ ತಿಳಿಸಿ, ಫೋಟೋ ತೆಗೆಯಿರಿ. ಸರ್ವೇಯರ್ ಬರುವಷ್ಟರಲ್ಲಿ ಎಲ್ಲಾ ತೊಳೆದಿಟ್ಟರೆ ಇಲಿ ಕಡಿದದ್ದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಹುಲ್ಲಿನ ಗೊಣಬೆ, ಅಡಿಕೆ ಸಿಪ್ಪೆ ರಾಶಿ ಪಕ್ಕ ಕಾರು ನಿಲ್ಲಿಸುವುದನ್ನು ಬಿಡಿ. ವಾರಗಟ್ಟಲೆ ಓಡಿಸದೆ ಇಟ್ಟ ಕಾರಿಗೇ ಇಲಿ ಸೇರುವುದು ಹೆಚ್ಚು.

ಪ್ರಶ್ನೆ (ಆಗುಂಬೆ): ಮನೆಯಲ್ಲಿ ಫುಲ್ ಚಾರ್ಜ್ ಮಾಡಿ ಸೋಮೇಶ್ವರದ ಕಡೆ ಘಾಟಿ ಇಳಿಯುವಾಗ ಕಾರು ತಾನಾಗಿ ಹಿಡಿಯುವುದೇ ಇಲ್ಲ, ಬ್ರೇಕ್ ಒತ್ತಿ ಒತ್ತಿ ವಾಸನೆ ಬಂತು. ಬೇರೆ ದಿನ ಸರಿ ಇರುತ್ತದೆ. ದೋಷವೇ?

ಉತ್ತರ: ದೋಷ ಅಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ಯಲಾಗುವುದಿಲ್ಲವಲ್ಲ, ಹಾಗೆ. 100 ಇರುವಾಗ ರೀಜನ್, ಅಂದರೆ ಮೋಟಾರೇ ಕಾರನ್ನು ಹಿಡಿದು ಬ್ಯಾಟರಿಗೆ ಕರೆಂಟು ವಾಪಸ್ ತುಂಬುವುದು, ಕೆಲಸ ಮಾಡುವುದಿಲ್ಲ. ಆಗುಂಬೆ ಘಾಟಿ ಪೂರ್ತಿ ಇಳಿದರೂ ಬ್ಯಾಟರಿಗೆ ವಾಪಸ್ ಬರುವುದು ಹೆಚ್ಚೆಂದರೆ ಎರಡು ಯೂನಿಟ್. ಘಾಟಿ ಇಳಿಯುವ ದಿನ 85ಕ್ಕೆ ನಿಲ್ಲಿಸಿ, ಸಾಕು.

ಬ್ರೇಕ್ ಬಗ್ಗೆ ಒಂದು ಮಾತು, ಇದು ನಮ್ಮ ಕಡೆಯವರೆಲ್ಲ ಕೇಳಬೇಕಾದ್ದು. ಬೇರೆ ದಿನಗಳಲ್ಲಿ ರೀಜನ್ ಇದ್ದುದರಿಂದ ನೀವು ಬ್ರೇಕ್ ತುಳಿಯುವುದೇ ಕಡಿಮೆ. ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರು. ಡಿಸ್ಕ್ ತುಕ್ಕು ಹಿಡಿಯುತ್ತದೆ, ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನ ಪಿನ್ ಜಾಮ್ ಆಗುತ್ತದೆ. ಇದನ್ನು ಕಂಪನಿ ಸವೆತದ ಲೆಕ್ಕಕ್ಕೆ ಹಾಕುತ್ತದೆ, ವಾರಂಟಿ ಕೊಡುವುದಿಲ್ಲ. ಮಳೆಗಾಲ ಮುಗಿದ ಮೇಲೆ ಪಿನ್ ಬಿಚ್ಚಿ ಗ್ರೀಸ್ ಹಾಕಿ ಅಂತ ನೀವೇ ಹೇಳಿ ಮಾಡಿಸಬೇಕು.

ಪ್ರಶ್ನೆ (ಶೃಂಗೇರಿ ರಸ್ತೆ): ಬ್ಯಾಟರಿ ಐಪಿ67 ಅಂತಾರೆ, ಅಂದರೆ ಸೇತುವೆ ಮೇಲೆ ನೀರಿದ್ದಾಗ ದಾಟಿಸಬಹುದಾ?

ಉತ್ತರ: ಬೇಡ. ಐಪಿ67 ಅಂದರೆ ನಿಂತ ನೀರಿನಲ್ಲಿ 1 ಮೀಟರ್ ಆಳದಲ್ಲಿ 30 ನಿಮಿಷ ಇಟ್ಟರೆ ಹಾನಿಯಾಗುವಷ್ಟು ನೀರು ಒಳಗೆ ಹೋಗಬಾರದು ಅನ್ನುವ ಪರೀಕ್ಷೆ, ಅದೂ ಹೊಸ ಬ್ಯಾಟರಿಗೆ. ತುಂಗೆಯ ಕೆಂಪು ನೀರು ಹರಿಯುತ್ತದೆ, ಜೊತೆಗೆ ಕಲ್ಲು, ಕೊಂಬೆ ತರುತ್ತದೆ. ಅಡಿಯ ತಗಡು ಕಲ್ಲಿಗೆ ಬಡಿದು ನಗ್ಗಿದ್ದರೆ ವಾರಂಟಿ ಕಥೆ ಮುಗಿದಂತೆ. ನೀರಿಗೆ ಇಳಿದದ್ದೇ ಹೌದಾದರೆ ಮುಚ್ಚಿಡಬೇಡಿ. ಕಾರ್ಪೆಟ್ ಎತ್ತಿದರೆ ಮಣ್ಣಿನ ಗೆರೆ ಕಾಣುತ್ತದೆ. ಮೊದಲೇ ಹೇಳಿದರೆ ಇನ್ಶೂರೆನ್ಸ್ ಮೂಲಕ ದಾರಿ ಇದೆ, ಸುಳ್ಳು ಹೇಳಿ ಸಿಕ್ಕಿಬಿದ್ದರೆ ಎರಡೂ ಕಡೆ ಕಳೆದುಕೊಳ್ಳುತ್ತೀರಿ. ಕಾರು ನಿಂತರೆ ಹಗ್ಗ ಕಟ್ಟಿ ಎಳೆಯಬೇಡಿ, ಚಕ್ರ ತಿರುಗಿದರೆ ಮೋಟಾರ್ ಕರೆಂಟು ಹುಟ್ಟಿಸುತ್ತದೆ. ನಾಲ್ಕೂ ಚಕ್ರ ಮೇಲೆ ಏರುವ ಗಾಡಿಯನ್ನೇ ಕರೆಸಿ.

ಪ್ರಶ್ನೆ (ಭದ್ರಾವತಿ): ಸೆಕೆಂಡ್ ಹ್ಯಾಂಡ್ ಇವಿ ನೋಡುತ್ತಿದ್ದೇನೆ. "ಲೈಫ್‌ಟೈಮ್ ವಾರಂಟಿ" ಅಂತಾರೆ ಮಾರುವವರು.

ಉತ್ತರ: ಅಂಥ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲೀಕರಿಗೆ ಮಾತ್ರ. ಆರ್‌ಸಿ ಹೆಸರು ಬದಲಾದ ದಿನವೇ ಅದು ವರ್ಷ ಮತ್ತು ಕಿ.ಮೀ. ಲೆಕ್ಕದ ವಾರಂಟಿಯಾಗಿ ಇಳಿಯುತ್ತದೆ. ಮುಂಗಡ ಕೊಡುವ ಮೊದಲು ಚಾಸಿ ನಂಬರ್ ಹಾಕಿ ಕಂಪನಿಗೆ ಇಮೇಲ್ ಮಾಡಿ, ಎರಡನೇ ಮಾಲೀಕನಿಗೆ ಏನು ಉಳಿಯುತ್ತದೆ ಅಂತ ಬರಹದಲ್ಲಿ ತರಿಸಿಕೊಳ್ಳಿ.

ಪ್ರಶ್ನೆ (ಶಿಕಾರಿಪುರ): ನನ್ನ ಕಾರು 40 ದಿನದಿಂದ ಸರ್ವೀಸ್ ಸೆಂಟರಿನಲ್ಲಿದೆ. "ಪಾರ್ಟ್ ಬಂದಿಲ್ಲ" ಬಿಟ್ಟರೆ ಬೇರೆ ಮಾತಿಲ್ಲ. ಇಎಂಐ ಕಟ್ತಾ ಇದ್ದೇನೆ, ಬಸ್ಸಲ್ಲಿ ಓಡಾಡ್ತಾ ಇದ್ದೇನೆ.

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಪಾರ್ಟ್ ಆರ್ಡರ್ ಮಾಡಿದ ನಂಬರ್ ಮತ್ತು ತಾರೀಕು ಕೇಳಿ. ಎಷ್ಟೋ ಸಲ ಕಂಪನಿಯ ಒಪ್ಪಿಗೆಯೇ ಬಂದಿರುವುದಿಲ್ಲ, ಆರ್ಡರೇ ಹೋಗಿರುವುದಿಲ್ಲ. ಎರಡೂ ಬೇರೆ ಬೇರೆ ತಡ. ಯಾವುದು ಅಂತ ಗೊತ್ತಾದರೆ ಯಾರನ್ನು ಕೇಳಬೇಕು ಅಂತ ಗೊತ್ತಾಗುತ್ತದೆ. ಬದಲಿ ಕಾರು ಬೇಕು ಅಂತ ಇಮೇಲಿನಲ್ಲೇ ಕೇಳಿ, ಫೋನಿನಲ್ಲಿ ಅಲ್ಲ.

ಆಮೇಲೂ ಅಲುಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕಂಪನಿಗಳು ಇದಕ್ಕೆ ಉತ್ತರ ಕೊಡುತ್ತವೆ, ನಾನು ಒಳಗಿದ್ದಾಗ ನೋಡಿದ್ದೇನೆ. ಕೊನೆಯದಾಗಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತೊಂದರೆಯಾದ 2 ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲೆಯಲ್ಲೇ ಆಗುತ್ತದೆ. ಆನ್‌ಲೈನಿನಲ್ಲೂ ಸಲ್ಲಿಸಬಹುದು, ವಕೀಲರು ಇರಲೇಬೇಕು ಅಂತಿಲ್ಲ. ಅಲ್ಲಿಯೂ ಕೇಳುವುದು ಜಾಬ್ ಕಾರ್ಡನ್ನೇ.

ತೀರ್ಥಹಳ್ಳಿಯ ಸದಸ್ಯರು, ಹನ್ನೆರಡು ದಿನದ ನಂತರ: ಸರ್, ನೀವು ಹೇಳಿದ ಹಾಗೆ ನಾಲ್ಕು ಸಲ ಫುಲ್ ಮಾಡಿದೆ. 175 ಇದ್ದದ್ದು 190 ಆಯ್ತು, ಅಷ್ಟೇ. ಮೀಟರಿನಲ್ಲಿ 22 ಬಂತು. ಫೋಟೋ ತಗೊಂಡು ಹೋಗಿ ಜಾಬ್ ಕಾರ್ಡಿನಲ್ಲಿ ಬರೆಸಿದೆ. ಈ ಸಲ ಒಂದು ದಿನ ಕಾರು ಇಟ್ಟುಕೊಂಡು ನೋಡಿದ್ರು. ಬ್ಯಾಟರಿಯೊಳಗೆ ಸೆಲ್‌ಗಳನ್ನು ಗುಂಪು ಗುಂಪಾಗಿ ಮಾಡ್ಯೂಲ್ ಅಂತ ಇಟ್ಟಿರ್ತಾರಂತೆ, ಅದರಲ್ಲಿ ಒಂದು ಮಾಡ್ಯೂಲಿನ ಸೆಲ್‌ಗಳು ಬೇರೆಯವಕ್ಕಿಂತ ಬೇಗ ಇಳೀತಾವಂತೆ. ಕಂಪನಿಗೆ ಅರ್ಜಿ ಹೋಗಿದೆ. ಹೊಸ ಮಾಡ್ಯೂಲ್ ಹಾಕಿದರೆ ಅದಕ್ಕೆ ಮತ್ತೆ 8 ವರ್ಷ ಸಿಗುತ್ತಾ?

ಉತ್ತರ: ಒಳ್ಳೆಯ ಸುದ್ದಿ, ತುಂಬಾ ಸಂತೋಷ ಆಯ್ತು. ಒಂದು ಮಾಡ್ಯೂಲ್ ಸೋತರೆ ಇಡೀ ಪ್ಯಾಕ್ ಅದರ ಲೆಕ್ಕಕ್ಕೇ ನಿಲ್ಲುತ್ತದೆ, ಅದಕ್ಕೇ ಅಷ್ಟು ದೂರ ಕಡಿಮೆಯಾದದ್ದು. ಹೊಸ 8 ವರ್ಷ ಸಿಗುವುದಿಲ್ಲ, ಸಾಮಾನ್ಯವಾಗಿ ಹಳೆಯ ವಾರಂಟಿಯಲ್ಲಿ ಉಳಿದ ಅವಧಿಯೇ ಇದಕ್ಕೂ. ಕಾರು ವಾಪಸ್ ತರುವ ದಿನ ಮೂರು ವಿಷಯ ಬಿಲ್ಲಿನ ಮೇಲೆ ಬರೆಸಿಕೊಳ್ಳಿ: ಹಾಕಿದ್ದು ಹೊಸದೋ ರಿಪೇರಿ ಮಾಡಿದ್ದೋ, ಅದರ ಸೀರಿಯಲ್ ನಂಬರ್, ಮತ್ತು ಆ ದಿನದ ಎಸ್‌ಒಎಚ್ ಅಂಕಿ. ದುಡ್ಡು ಇಲ್ಲದ ಬಿಲ್ ಅಂತ ಕೊಡದೆ ಕಳಿಸುವ ರೂಢಿ ಇದೆ, ಸೊನ್ನೆ ರೂಪಾಯಿ ಬಿಲ್ಲಾದರೂ ಕೇಳಿ ತಗೊಳ್ಳಿ. ಮನೆಗೆ ಬಂದ ವಾರದಲ್ಲೇ 20ರಿಂದ 100ರ ಲೆಕ್ಕ ಇನ್ನೊಮ್ಮೆ ಮಾಡಿ, ಎಷ್ಟು ಬಂತು ಅಂತ ಇಲ್ಲೇ ಹಾಕಿ.