ಸೆಡ್: ಹೊಸ ಲಿಂಕ್ ಮಧ್ಯೆ ಹಳೆ ಲಿಂಕ್ ಬಂದು ಕೂರುತ್ತಿದೆ

ಪ್ರಶ್ನೆ

ಫೋಲ್ಡರ್ ತುಂಬ ಟೆಕ್ಸ್ಟ್ ಫೈಲ್‌ಗಳಿವೆ, ಒಳಗೆ ಸಬ್‌ಫೋಲ್ಡರ್‌ಗಳೂ ಇವೆ. ಎಲ್ಲದರಲ್ಲೂ ಒಂದು ಹಳೆ ಲಿಂಕ್ ತೆಗೆದು ಹೊಸದು ಹಾಕಬೇಕು. ಹೊಸದರ ಕೊನೆಯಲ್ಲಿ ?ಪುಟ=2&ವಿಭಾಗ=5 ತರಹ ಇದೆ. ಸೆಡ್ (sed, ಟೆಕ್ಸ್ಟ್ ಹುಡುಕಿ ಬದಲಿಸುವ ಕಮಾಂಡ್) ಓಡಿಸಿದರೆ ಎರರ್ ಏನೂ ಇಲ್ಲ, ಆದರೆ & ಇರಬೇಕಾದ ಜಾಗದಲ್ಲಿ ಹಳೆ ಲಿಂಕ್ ಪೂರ್ತಿ ಬಂದು ಕೂತಿರುತ್ತದೆ! ಜೊತೆಗೆ ಸ್ಲ್ಯಾಶ್‌ಗಳಿಗೆಲ್ಲ ಬ್ಯಾಕ್‌ಸ್ಲ್ಯಾಶ್ ಹಾಕಿ ಹಾಕಿ ಕಮಾಂಡ್ ಓದುವುದಕ್ಕೇ ಆಗುತ್ತಿಲ್ಲ.

ಉತ್ತರ 1

ಬಗ್ ಅಲ್ಲ. ಬದಲಿಗೆ ಹಾಕುವ ಭಾಗದಲ್ಲಿ & ಬಂದರೆ, ಈಗ ಸಿಕ್ಕಿದ್ದನ್ನೇ ಇಲ್ಲಿ ಹಾಕು ಅಂತ ಸೆಡ್ ಓದಿಕೊಳ್ಳುತ್ತದೆ. ಸಿಕ್ಕ ಪದದ ಸುತ್ತ ಬ್ರಾಕೆಟ್ ಬೇಕಿದ್ದರೆ (&) ಅಂತ ಬರೆದರೆ ಮುಗಿಯಿತು, ಅದಕ್ಕೇ ಇರುವುದು ಇದು. ನಿಮಗೆ ಬರೀ ಚಿಹ್ನೆ ಬೇಕು, ಹಾಗಾಗಿ \& ಹಾಕಿ.

ಬದಲಿಸು ಅಂತ ಹೇಳುವ ಎಸ್ (s) ಆದ ಮೇಲೆ / ಇರಲೇಬೇಕು ಅಂತೇನಿಲ್ಲ. ಲಿಂಕ್‌ನಲ್ಲಿ ಎಲ್ಲೂ ಇಲ್ಲದ | ಅಥವಾ # ಇಟ್ಟುಕೊಳ್ಳಿ, ಮೂರು ಕಡೆಯೂ ಅದೇ ಇದ್ದರೆ ಸಾಕು. ಕೊನೆಯಲ್ಲಿ ಜಿ (g) ಮರೆತರೆ ಪ್ರತಿ ಸಾಲಿನಲ್ಲಿ ಮೊದಲನೆಯದು ಮಾತ್ರ ಬದಲಾಗುತ್ತದೆ. ಎಲ್ಲವೂ ಸಿಂಗಲ್ ಕೋಟ್ ಒಳಗಿರಲಿ, ಡಬಲ್ ಕೋಟ್ ಆದರೆ $ ಕಂಡಲ್ಲೆಲ್ಲ ಶೆಲ್ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಮೂಗು ತೂರಿಸುತ್ತದೆ.

ಉತ್ತರ 2

ಹುಡುಕುವ ಭಾಗದಲ್ಲಿರುವ ಚುಕ್ಕಿಯನ್ನೂ ನೋಡಿ. ಹುಡುಕುವ ಪ್ಯಾಟರ್ನ್ ಬರೆಯುವ ಭಾಷೆಯಾದ ರೆಜೆಕ್ಸ್‌ನಲ್ಲಿ ಚುಕ್ಕಿ ಅಂದರೆ ಯಾವುದೋ ಒಂದು ಅಕ್ಷರ. 1.5 ಹುಡುಕಿದರೆ 105, 1-5 ಎಲ್ಲವೂ ಸಿಗುತ್ತವೆ. \. ಬರೆಯಿರಿ. ಅದೇ ಪ್ಯಾಟರ್ನನ್ನು ಮೊದಲು, ಫೈಲ್‌ಗಳಲ್ಲಿ ಹುಡುಕಿ ತೋರಿಸುವ ಕಮಾಂಡ್ ಆದ ಗ್ರೆಪ್‌ಗೆ ಮೈನಸ್ ಆರ್ (-r, ಸಬ್‌ಫೋಲ್ಡರ್‌ಗಳಲ್ಲೂ ಹುಡುಕು) ಜೊತೆ ಕೊಟ್ಟು ಎಲ್ಲೆಲ್ಲಿ ಸಿಗುತ್ತದೆ ಅಂತ ಕಣ್ಣಾರೆ ನೋಡಿ, ಆಮೇಲೆ ಸೆಡ್.

ಮ್ಯಾಕ್ ಆದರೆ ಬರೀ ಮೈನಸ್ ಐ (-i, ಫೈಲನ್ನೇ ನೇರವಾಗಿ ಬದಲಿಸು ಅನ್ನುವ ಆಯ್ಕೆ) ಕೊಡಬೇಡಿ. ಮುಂದಿನ ಪದವನ್ನೇ ಬ್ಯಾಕಪ್ ಫೈಲಿನ ಬಾಲ ಅಂದುಕೊಂಡು ಏನೇನೋ ಎರರ್ ಕೊಡುತ್ತದೆ. ಐಗೆ ಅಂಟಿಸಿ .ಬ್ಯಾಕ್ (-i.bak) ಅಂತ ಬರೆದರೆ ಲಿನಕ್ಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ, ಹಳೆ ಫೈಲೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

\& ಸರಿಹೋಯಿತು, ಥ್ಯಾಂಕ್ಸ್. ಇದು ಗಿಟ್ ರೆಪೊ (ಬದಲಾವಣೆಗಳ ದಾಖಲೆ ಇಡುವ ಗಿಟ್ ನೋಡಿಕೊಳ್ಳುವ ಫೋಲ್ಡರ್). ಎಲ್ಲ ಫೈಲ್‌ಗಳಿಗೂ ಫೈಂಡ್ (ಫೈಲ್ ಹುಡುಕುವ ಕಮಾಂಡ್) ಹಾಕಿ ಓಡಿಸಲಾ?

ಉತ್ತರ 3

ಬೇಡ! ಸುಮ್ನೆ ಫೈಂಡ್ ಹಾಕಿದರೆ .ಗಿಟ್ (ಗಿಟ್ ತನ್ನ ದಾಖಲೆ ಇಡುವ ಫೋಲ್ಡರ್) ಒಳಗೂ ನುಗ್ಗುತ್ತದೆ, ಅಲ್ಲಿ ಸೆಡ್ ಕೈಯಾಡಿಸಿದರೆ ರೆಪೊನೇ ಕೆಡಬಹುದು. ಗಿಟ್ ಗ್ರೆಪ್‌ಗೆ ಮೈನಸ್ ಎಲ್ ಕೊಡಿ (ಸಣ್ಣ ಎಲ್, ದೊಡ್ಡದಾದರೆ ಉಲ್ಟಾ, ಪ್ಯಾಟರ್ನ್ ಇಲ್ಲದ ಫೈಲ್‌ಗಳು ಬರುತ್ತವೆ). ಗಿಟ್ ಟ್ರ್ಯಾಕ್ ಮಾಡುವ ಫೈಲ್‌ಗಳಲ್ಲಿ ಬೇಕಾದವು ಮಾತ್ರ ಸಿಗುತ್ತವೆ, ಅದನ್ನು ಎಕ್ಸ್‌ಆರ್ಗ್ಸ್ (ಸಿಕ್ಕ ಹೆಸರುಗಳನ್ನು ಇನ್ನೊಂದು ಕಮಾಂಡಿಗೆ ಕೊಡುವ ಕಮಾಂಡ್) ಮೂಲಕ ಸೆಡ್‌ಗೆ ದಾಟಿಸಿ. ಹೆಸರಲ್ಲಿ ಸ್ಪೇಸ್ ಇದ್ದರೆ ಗಿಟ್ ಗ್ರೆಪ್‌ಗೆ ಮೈನಸ್ ಝಡ್, ಎಕ್ಸ್‌ಆರ್ಗ್ಸ್‌ಗೆ ಮೈನಸ್ ಸೊನ್ನೆ ಸೇರಿಸಿ. ಮೊದಲೇ ಕಮಿಟ್ ಮಾಡಿಟ್ಟಿದ್ದರೆ (ಈಗಿನ ಸ್ಥಿತಿ ಗಿಟ್‌ನಲ್ಲಿ ಉಳಿಸಿಟ್ಟಿದ್ದರೆ), ಓಡಿಸಿದ ಮೇಲೆ ಏನೇನು ಬದಲಾಯಿತು ಅಂತ ಗಿಟ್ ಡಿಫ್‌ನಲ್ಲಿ ಸಾಲು ಸಾಲಾಗಿ ಕಾಣುತ್ತದೆ.