ಕೆ.ಆರ್. ಪೇಟೆ ಯಾವ ಪಕ್ಷದ ಕಡೆ? ಬೂತ್‌ವಾರು ಲೆಕ್ಕ ನೋಡುವುದು ಹೇಗೆ?

ಹಳ್ಳಿಲೆಕ್ಕ:
ಕೆ.ಆರ್. ಪೇಟೆ ಕ್ಷೇತ್ರದಲ್ಲಿ 2018ರಲ್ಲಿ ಜೆಡಿಎಸ್, 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿ, 2023ರಲ್ಲಿ ಮತ್ತೆ ಜೆಡಿಎಸ್ ಗೆದ್ದಿವೆ. ಪಟ್ಟಣದವರು ಯಾವ ಕಡೆ, ಸುತ್ತಲ ಹಳ್ಳಿಯವರು ಯಾವ ಕಡೆ ಅಂತ ಬಿಡಿಸಿ ನೋಡಬೇಕು. ಬೂತ್‌ವಾರು ಮತಗಳ ಲೆಕ್ಕ ಎಲ್ಲಿ ಸಿಗುತ್ತದೆ? ಯಾವ ಜಾತಿಯವರು ಯಾರಿಗೆ ಹಾಕಿದರು ಅನ್ನುವುದೂ ಅದರಲ್ಲಿ ಗೊತ್ತಾಗುತ್ತದೆಯೇ?

ಮತಪೆಟ್ಟಿಗೆ:
ನಿಮಗೆ ಬೇಕಾಗಿರುವುದು ಫಾರಂ 20. ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ತಯಾರಿಸುವ ಅಂತಿಮ ಫಲಿತಾಂಶದ ಪಟ್ಟಿ ಅದು. ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತ, ನೋಟಾ, ಎಲ್ಲವೂ ಇರುತ್ತವೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ವೆಬ್‌ಸೈಟಿನಲ್ಲಿ ಕ್ಷೇತ್ರವಾರು ಪಿಡಿಎಫ್ ಹಾಕಿರುತ್ತಾರೆ. ಕೆ.ಆರ್. ಪೇಟೆಯದು 192ನೇ ಕ್ಷೇತ್ರ. ಲೋಕಸಭೆ ಚುನಾವಣೆಯ ಲೆಕ್ಕವೂ ವಿಧಾನಸಭಾ ಕ್ಷೇತ್ರವಾರು ಬೇರೆಬೇರೆಯಾಗಿ ಸಿಗುವುದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ಎಡವಟ್ಟಾಗುವುದು ಹೋಲಿಸುವಾಗ. ಮತಗಟ್ಟೆ ಸಂಖ್ಯೆಯನ್ನೇ ನಂಬಿ ಸಾಲಿಗೆ ಸಾಲು ಜೋಡಿಸಬೇಡಿ. ಮತದಾರರು ಹೆಚ್ಚಾದಾಗ ಬೂತನ್ನು ಒಡೆಯುತ್ತಾರೆ, ನಡುವೆ ಒಂದು ಸೇರಿತೆಂದರೆ ಮುಂದಿನ ಸಂಖ್ಯೆಗಳೆಲ್ಲ ಜರುಗುತ್ತವೆ. ಮತಗಟ್ಟೆ ಪಟ್ಟಿಯನ್ನೂ ಇಳಿಸಿಕೊಂಡು ಊರಿನ ಹೆಸರು, ಶಾಲೆಯ ಹೆಸರು ನೋಡಿ ಜೋಡಿಸಿ. ಅಭ್ಯರ್ಥಿಗಳ ಕಾಲಂಗಳೂ ಪ್ರತಿ ಸಲ ಬದಲಾಗುತ್ತವೆ: ಮಾನ್ಯತೆ ಪಡೆದ ಪಕ್ಷದವರು ಮೊದಲು, ನೋಂದಾಯಿತ ಪಕ್ಷದವರು ಆಮೇಲೆ, ಪಕ್ಷೇತರರು ಕೊನೆಗೆ, ಪ್ರತಿ ಗುಂಪಿನೊಳಗೆ ಅಕ್ಷರ ಕ್ರಮ. ಅನೇಕ ಪಿಡಿಎಫ್‌ಗಳು ಸ್ಕ್ಯಾನ್ ಮಾಡಿದ ಚಿತ್ರಗಳು, ಕೈಯಲ್ಲೇ ಟೈಪ್ ಮಾಡಬೇಕು. ಟೈಪ್ ಮಾಡಿದ ಮೇಲೆ ಪ್ರತಿ ಸಾಲಿನ ಮೊತ್ತ ತಾಳೆಯಾಗುತ್ತದೆಯೇ ನೋಡಿ. ಅಂಚೆ ಮತಗಳು ಯಾವ ಬೂತಿಗೂ ಸೇರುವುದಿಲ್ಲ, ಕೊನೆಯಲ್ಲಿ ಪ್ರತ್ಯೇಕವಾಗಿ ಇರುತ್ತವೆ.

ಸಂತೆಮಾಳ:
ಮೇಲಿನದಕ್ಕೆ ಒಂದು ಸೇರಿಸುತ್ತೇನೆ, ಮಂಡ್ಯ ಜಿಲ್ಲೆಯ ಮಟ್ಟಿಗೆ ಇದೇ ಮುಖ್ಯ. ಪಕ್ಷಕ್ಕೊಂದು ಕಾಲಂ ಇದ್ದರೆ ಸಾಲದು, ವ್ಯಕ್ತಿಗೂ ಒಂದು ಕಾಲಂ ಇಡಿ. ನಾರಾಯಣಗೌಡರು 2013, 2018ರಲ್ಲಿ ಜೆಡಿಎಸ್‌ನಿಂದ ಗೆದ್ದವರು, 2019ರಲ್ಲಿ ಬಿಜೆಪಿಯಿಂದ ಗೆದ್ದವರೂ ಅವರೇ. ಆಗ ಅವರ ಎದುರು ಜೆಡಿಎಸ್‌ನಿಂದ ನಿಂತಿದ್ದ ಬಿ.ಎಲ್. ದೇವರಾಜು 2023ರಲ್ಲಿ ಕಾಂಗ್ರೆಸ್ ಅಭ್ಯರ್ಥಿ. ಬರೀ ಚಿಹ್ನೆ ನೋಡಿದರೆ ಊರಿಗೆ ಊರೇ ಪಕ್ಷ ಬದಲಿಸಿದಂತೆ ಕಾಣುತ್ತದೆ. ಎಷ್ಟೋ ಕಡೆ ಮತ ಹೋಗಿರುವುದು ಮನುಷ್ಯನ ಹಿಂದೆ.

ಉಪಚುನಾವಣೆಯ ಲೆಕ್ಕವನ್ನು ಸಾಮಾನ್ಯ ಚುನಾವಣೆಗೆ ಸಮ ಅಂತ ಇಡಲೇಬೇಡಿ. 2019ರಲ್ಲಿ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪ ಹುಟ್ಟಿದ್ದೇ ಈ ತಾಲ್ಲೂಕಿನ ಬೂಕನಕೆರೆಯಲ್ಲಿ, ಸರ್ಕಾರ ಉಳಿಯಲು ಆ ಗೆಲುವುಗಳು ಬೇಕಿದ್ದವು. ಅಂಥ ಒತ್ತಡ 2023ರಲ್ಲಿ ಇರಲಿಲ್ಲ.

ಲೋಕಸಭೆಗೆ ಮಂಡ್ಯದವರು ಬೇರೆಯೇ ತಕ್ಕಡಿ ಹಿಡಿಯುತ್ತಾರೆ. 2018ರಲ್ಲಿ ಜಿಲ್ಲೆಯ ಏಳಕ್ಕೆ ಏಳೂ ಜೆಡಿಎಸ್, ಮರುವರ್ಷವೇ ಲೋಕಸಭೆಗೆ ಪಕ್ಷೇತರ ಸುಮಲತಾ ಒಂದೂಕಾಲು ಲಕ್ಷದ ಅಂತರದಲ್ಲಿ ಗೆದ್ದರು. 2023ರಲ್ಲಿ ಏಳರಲ್ಲಿ ಐದು ಕಾಂಗ್ರೆಸ್‌ಗೆ, 2024ರಲ್ಲಿ ಕುಮಾರಸ್ವಾಮಿ ಎರಡೂವರೆ ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಸಂಸದ. ಆ ಸಲ ಬಿಜೆಪಿ ಜೊತೆಗಿತ್ತು, ಹಾಗಾಗಿ 2023ರ ಜೆಡಿಎಸ್, ಬಿಜೆಪಿ ಮತ ಎರಡನ್ನೂ ಕೂಡಿಯೇ 2024ಕ್ಕೆ ಹೋಲಿಸಿ.

ಲೆಕ್ಕದಮೇಷ್ಟ್ರು:
ಜಾತಿಯ ಪ್ರಶ್ನೆಗೆ: ಮತದಾರರ ಪಟ್ಟಿಯಲ್ಲಿ ಜಾತಿ ಇರುವುದಿಲ್ಲ, ಹೆಸರು ನೋಡಿ ಊಹಿಸುವುದು ತಪ್ಪು ದಾರಿ. ಊರಿನ ಜನಸಂಖ್ಯೆಯ ಪಾಲು ನಂಬುವಂತೆ ಗೊತ್ತಿದ್ದರೆ ಕನಿಷ್ಠ ಮಿತಿಯನ್ನಷ್ಟೇ ತೆಗೆಯಬಹುದು. ಒಂದು ಬೂತಿನಲ್ಲಿ ಒಂದು ಸಮುದಾಯದವರು ಶೇ 70, ಒಂದು ಪಕ್ಷಕ್ಕೆ ಬಿದ್ದದ್ದು ಶೇ 80 ಅಂದುಕೊಳ್ಳಿ. ಉಳಿದ ಶೇ 30 ಜನರೆಲ್ಲ ಆ ಪಕ್ಷಕ್ಕೇ ಹಾಕಿದ್ದರೂ ಇನ್ನು 50 ಮತ ಈ ಸಮುದಾಯದಿಂದಲೇ ಬಂದಿರಬೇಕು, ಅಂದರೆ 70ರಲ್ಲಿ 50, ಕನಿಷ್ಠ ಶೇ 71. ಅದೇ ಸಮುದಾಯ ಶೇ 60, ಪಕ್ಷದ ಮತ ಶೇ 60 ಇದ್ದರೆ ಉತ್ತರ ಶೇ 33ರಿಂದ 100ರವರೆಗೆ ಎಲ್ಲಿ ಬೇಕಾದರೂ ಇರಬಹುದು. "ಅರವತ್ತಕ್ಕೆ ಅರವತ್ತು, ಎಲ್ಲ ಅವರದೇ" ಎಂದು ಹೇಳುವವರನ್ನು ನಂಬಬೇಡಿ. ಇದೂ ಎಲ್ಲರೂ ಒಂದೇ ಪ್ರಮಾಣದಲ್ಲಿ ಮತ ಹಾಕಿದ್ದಾರೆ ಎಂದುಕೊಂಡರೆ ಮಾತ್ರ. ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರ ಹೆಸರು ಎಷ್ಟೋ ಸಲ ಊರ ಪಟ್ಟಿಯಲ್ಲೇ ಇರುತ್ತದೆ. ಅವರು ಬಂದ ವರ್ಷ, ಬಾರದ ವರ್ಷ ಲೆಕ್ಕ ಬದಲಾಗುತ್ತದೆ.

ಹಳ್ಳಿಲೆಕ್ಕ:
ಎಲ್ಲರಿಗೂ ಧನ್ಯವಾದ. ಪಟ್ಟಣಕ್ಕೆ ಪುರಸಭೆ ಫಲಿತಾಂಶ, ಹಳ್ಳಿಗಳಿಗೆ ಗ್ರಾಮ ಪಂಚಾಯಿತಿ ಫಲಿತಾಂಶ ಬಳಸಬಹುದೇ?

ಮತಪೆಟ್ಟಿಗೆ:
ಪುರಸಭೆಯಲ್ಲಿ ಪಕ್ಷದ ಚಿಹ್ನೆ ಇರುತ್ತದೆ, ಆದರೆ ವಾರ್ಡಿನ ಗಡಿಯೂ ವಿಧಾನಸಭೆ ಬೂತಿನ ಗಡಿಯೂ ಒಂದೇ ಅಲ್ಲ. ಪಟ್ಟಣದ ಎಲ್ಲ ಬೂತುಗಳನ್ನು ಒಟ್ಟು ಕೂಡಿಸಿ, ಎಲ್ಲ ವಾರ್ಡುಗಳ ಮೊತ್ತಕ್ಕೆ ಹೋಲಿಸಿ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ, "ನಮ್ಮ ಬೆಂಬಲಿಗರೇ ಹೆಚ್ಚು ಗೆದ್ದರು" ಎಂದು ಎಲ್ಲ ಪಕ್ಷಗಳೂ ಹೇಳಿಕೊಳ್ಳುತ್ತವೆ. ಅದನ್ನು ಬಿಡಿ. ಹಳ್ಳಿ ಬೂತುಗಳನ್ನು ಕಿಕ್ಕೇರಿ, ಶೀಳನೆರೆ, ಬೂಕನಕೆರೆ, ಅಕ್ಕಿಹೆಬ್ಬಾಳು, ಸಂತೇಬಾಚಹಳ್ಳಿ, ಕಸಬಾ ಎಂದು ಹೋಬಳಿವಾರು ಗುಂಪು ಮಾಡಿ. ಒಂದೊಂದೇ ಬೂತಿನ ಏರಿಳಿತಕ್ಕಿಂತ ಹೋಬಳಿಯ ಮೊತ್ತ ನಂಬಿಕೆಗೆ ಯೋಗ್ಯ.